ಎರಡು ಗೆಲುವು, ಎಂಟು ಸೋಲು

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿ ವೆಸ್ಟ್ ವರ್ಜೀನಿಯಾ ಎಂಬ ಗುಡ್ಡಗಾಡು ರಾಜ್ಯವೊಂದಿದೆ. ಅದರ ಪಶ್ಚಿಮದ ಅಂಚಿನಲ್ಲಿ, ಒಹಾಯೋ ನದಿಯ ದಂಡೆಯ ಮೇಲೆ, ಹಂಟಿಂಗ್ಟನ್ ನಗರವಿದೆ. ೧೮೭೧ರಲ್ಲಿ ರೈಲುಮಾರ್ಗದ ಕೊನೆಯ ನಿಲ್ದಾಣವಾಗಿ ಹುಟ್ಟಿದ ಈ ಊರಿಗೆ ಆ ರೈಲ್ವೆ ಕಂಪನಿಯ ಒಡೆಯರಾಗಿದ್ದ ಕಾಲಿಸ್ ಹಂಟಿಂಗ್ಟನ್ ಅವರ ಹೆಸರೇ ನಿಂತಿತು. ಸುತ್ತಲ ಬೆಟ್ಟಗಳು ಕಲ್ಲಿದ್ದಲಿನ ಬೆಟ್ಟಗಳು. ಊರಿನ ಬದುಕು ರೈಲನ್ನೂ ನದಿಯನ್ನೂ ಕಾರ್ಖಾನೆಗಳನ್ನೂ ನಂಬಿದ ಬದುಕು. ೧೯೭೦ರ ಸುಮಾರಿಗೆ ಅಲ್ಲಿ ಎಪ್ಪತ್ತೈದು ಸಾವಿರದಷ್ಟು ಜನರಿದ್ದರು. ಮಹಾನಗರವೆನ್ನುವಂತಿಲ್ಲ, ಒಬ್ಬರ ಮನೆಯ ಸುಖದುಃಖ ಇನ್ನೊಬ್ಬರಿಗೆ ತಿಳಿಯದಷ್ಟು ದೊಡ್ಡದೂ ಅಲ್ಲ.

ಈ ನಗರದ ನಡುವೆ ಮಾರ್ಷಲ್ ವಿಶ್ವವಿದ್ಯಾನಿಲಯವಿದೆ. ೧೮೩೭ರಲ್ಲಿ ಒಂದು ಚಿಕ್ಕ ಪಾಠಶಾಲೆಯಾಗಿ ಆರಂಭವಾದ ಈ ಸಂಸ್ಥೆ ಮುಂದೆ ಕಾಲೇಜಾಗಿ, ೧೯೬೧ರಲ್ಲಿ ವಿಶ್ವವಿದ್ಯಾನಿಲಯದ ಪದವಿಗೇರಿತು. ಇದರ ಫುಟ್ಬಾಲ್ ತಂಡವು ೧೯೭೧ರಲ್ಲಿ ಹತ್ತು ಪಂದ್ಯಗಳನ್ನಾಡಿ ಎರಡರಲ್ಲಿ ಗೆದ್ದು ಎಂಟರಲ್ಲಿ ಸೋತಿತು. ಆಟದ ದಾಖಲೆಯ ಪುಸ್ತಕದಲ್ಲಿ ಆ ವರ್ಷಕ್ಕೆ ಸಂದಿರುವುದು ಒಂದೇ ಒಂದು ಸಾಲು. ಅಂತಹ ಸೋಲಿನ ವರ್ಷಗಳು ಪ್ರತಿಯೊಂದು ಕಾಲೇಜಿನ ಚರಿತ್ರೆಯಲ್ಲಿಯೂ ಹತ್ತಾರು ಸಿಗುತ್ತವೆ. ಆದರೂ ಅಮೆರಿಕದಲ್ಲಿ ಅನೇಕ ವಿಜಯಗಳು ಮರೆತುಹೋದ ಮೇಲೂ ಈ ಸೋಲಿನ ವರ್ಷವನ್ನು ಜನ ನೆನೆಯುತ್ತಾರೆ.

ಮೊದಲು ಆಟದ ಬಗೆಗೆ ಒಂದೆರಡು ಮಾತು. ಅಮೆರಿಕದವರು ಫುಟ್ಬಾಲ್ ಎಂದು ಕರೆಯುವ ಆಟ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಲ್ಲಿಯ ಚೆಂಡು ತೆಂಗಿನಕಾಯಿಯಂತೆ ಎರಡು ತುದಿಗಳಲ್ಲಿ ಚೂಪಾದದ್ದು. ಆಟಗಾರರು ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಜೊತೆಯವನಿಗೆ ಎಸೆಯುತ್ತಾರೆ. ಒಂದೊಂದು ಕಡೆ ಹನ್ನೊಂದು ಮಂದಿ. ನೂರು ಗಜ ಉದ್ದದ ಬಯಲು. ಚೆಂಡನ್ನು ಹಿಡಿದ ಪಕ್ಷ ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜವಾದರೂ ಮುಂದೆ ಸಾಗಬೇಕು; ಸಾಗಲಾರದಿದ್ದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಕಬಡ್ಡಿಯಲ್ಲಿ ಹಿಡಿಯುವವರು ಒಟ್ಟಾಗಿ ಮೇಲೆ ಬೀಳುವಂತೆ ಇಲ್ಲಿಯೂ ಚೆಂಡು ಹಿಡಿದವನನ್ನು ಕೆಡವುವುದೇ ಎದುರಾಳಿಗಳ ಕೆಲಸ. ಆದ್ದರಿಂದ ಆಟಗಾರರು ತಲೆಗೆ ಶಿರಸ್ತ್ರಾಣವನ್ನೂ ಭುಜಗಳಿಗೆ ಮೆತ್ತೆಗಳನ್ನೂ ಧರಿಸಿರುತ್ತಾರೆ. ಚೆಂಡನ್ನು ಗಡಿ ದಾಟಿಸಿದರೆ ಆರು ಅಂಕ. ಅದರ ಬೆನ್ನಿಗೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಗಡಿ ದಾಟಿಸಲಾಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ ಮೂರು ಅಂಕ. ಇಷ್ಟು ತಿಳಿದಿದ್ದರೆ ಮುಂದಿನ ಕಥೆಗೆ ಸಾಕು. ಒಂದು ಮಾತನ್ನು ಮಾತ್ರ ನೆನಪಿಡಬೇಕು: ಇದು ದೇಹಬಲದ ಆಟ. ಹದಿನೆಂಟು ವಯಸ್ಸಿನ ಹುಡುಗನಿಗೂ ಇಪ್ಪತ್ತೆರಡು ವಯಸ್ಸಿನ ಯುವಕನಿಗೂ ಇರುವ ತೂಕದ ಅಂತರ ಇಲ್ಲಿ ದೊಡ್ಡ ಅಂತರವೇ.

ಅಮೆರಿಕದ ಚಿಕ್ಕ ನಗರಗಳಲ್ಲಿ ಕಾಲೇಜಿನ ಫುಟ್ಬಾಲ್ ಕೇವಲ ವಿದ್ಯಾರ್ಥಿಗಳ ವಿನೋದವಲ್ಲ. ಶರತ್ಕಾಲದ ಶನಿವಾರಗಳಲ್ಲಿ ವೈದ್ಯರೂ ವರ್ತಕರೂ ಕಾರ್ಮಿಕರೂ ಒಂದೇ ಕ್ರೀಡಾಂಗಣದಲ್ಲಿ ಸೇರುತ್ತಾರೆ. ನಮ್ಮಲ್ಲಿ ಊರ ಜಾತ್ರೆಗೆ ಸೇರುವಂತೆಯೇ. ಹಂಟಿಂಗ್ಟನ್ನಿನ ಜನರಿಗೆ ಮಾರ್ಷಲ್ ತಂಡದ ಮೇಲೆ ಅಭಿಮಾನವಿತ್ತು. ಆದರೆ ಆ ಅಭಿಮಾನಕ್ಕೆ ತಂಡ ಕೊಟ್ಟ ಪ್ರತಿಫಲ ಸ್ವಲ್ಪವೇ. ೧೯೬೬ರಿಂದ ೧೯೬೯ರವರೆಗೆ ಸತತವಾಗಿ ಇಪ್ಪತ್ತೇಳು ಪಂದ್ಯಗಳಲ್ಲಿ ಅದು ಒಂದನ್ನೂ ಗೆಲ್ಲಲಿಲ್ಲ. ಸಾಲದುದಕ್ಕೆ, ಆಟಗಾರರನ್ನು ಸೇರಿಸಿಕೊಳ್ಳುವುದರಲ್ಲಿ ನಿಯಮ ಮೀರಿದರೆಂದು ೧೯೬೯ರಲ್ಲಿ ಆ ಭಾಗದ ವಿದ್ಯಾಲಯಗಳ ಕ್ರೀಡಾಕೂಟ ಮಾರ್ಷಲ್ಲನ್ನು ಹೊರಗಿಟ್ಟಿತು. ಆ ಅಪಕೀರ್ತಿಯ ನಡುವೆ ತಂಡದ ಹೊಣೆ ಹೊತ್ತ ತರುಣ ತರಬೇತುದಾರ ರಿಕ್ ಟಾಲಿ ಅವರು ಕಟ್ಟುನಿಟ್ಟಾಗಿ ದುಡಿದರು. ಗೆಲುವು ಮತ್ತೆ ಕಾಣಿಸಿತು. ೧೯೭೦ರ ತಂಡ ಮೂರು ಪಂದ್ಯಗಳನ್ನು ಗೆದ್ದಿತ್ತು. ಸೋತ ಪಂದ್ಯಗಳಲ್ಲಿಯೂ ಕೆಲವನ್ನು ಕೂದಲೆಳೆಯಲ್ಲಿ ಕಳೆದುಕೊಂಡಿತ್ತು.

ಹಾಗೆ ಕಳೆದುಕೊಂಡ ಕೊನೆಯ ಪಂದ್ಯ ೧೯೭೦ನೆಯ ನವೆಂಬರ್ ೧೪ರಂದು ನಡೆಯಿತು. ನಾರ್ತ್ ಕ್ಯಾರೊಲಿನಾ ರಾಜ್ಯದ ಈಸ್ಟ್ ಕ್ಯಾರೊಲಿನಾ ವಿಶ್ವವಿದ್ಯಾನಿಲಯದ ಎದುರು ಮಾರ್ಷಲ್ ೧೪–೧೭ ಅಂಕಗಳಿಂದ ಸೋತಿತು. ಆ ವರ್ಷ ಹೊರಊರಿನ ಉಳಿದ ಪಂದ್ಯಗಳೆಲ್ಲ ರಸ್ತೆಯಲ್ಲಿ ಹೋಗಿಬರುವಷ್ಟು ಸಮೀಪದಲ್ಲಿದ್ದುದರಿಂದ ತಂಡ ವಿಮಾನವೇರಿದ್ದು ಅದೊಂದೇ ಸಲ. ಬಾಡಿಗೆಗೆ ಗೊತ್ತುಮಾಡಿದ ಜೆಟ್ ವಿಮಾನ ಅದೇ ಸಂಜೆ ಹಿಂದಿರುಗಿತು. ಹಂಟಿಂಗ್ಟನ್ನಿನ ವಿಮಾನನಿಲ್ದಾಣ ಗುಡ್ಡವೊಂದರ ನೆತ್ತಿಯಲ್ಲಿದೆ. ಮಳೆ, ಮಂಜು, ಕತ್ತಲೆ. ರಾತ್ರಿ ಏಳೂವರೆ ದಾಟುತ್ತಿದ್ದಂತೆ ವಿಮಾನ ಇಳಿಯಬೇಕಾದ ಎತ್ತರಕ್ಕಿಂತ ಕೆಳಗಿಳಿದು, ಓಡುದಾರಿಗೆ ಒಂದು ಮೈಲಿಯಷ್ಟು ದೂರವಿರುವಾಗಲೇ ಬೆಟ್ಟದ ಮರಗಳ ತುದಿಗೆ ತಗುಲಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಎಪ್ಪತ್ತೈದು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಚಾಲಕರು ಅಷ್ಟು ಕೆಳಗಿಳಿದುದಕ್ಕೆ ಎತ್ತರ ತೋರಿಸುವ ಉಪಕರಣದ ದೋಷವೇ ಕಾರಣವೋ, ಉಪಕರಣಗಳನ್ನು ಓದಿ ಬಳಸಿದುದರಲ್ಲಿ ಆದ ತಪ್ಪೇ ಕಾರಣವೋ, ತನಿಖೆ ನಡೆಸಿದ ಸರ್ಕಾರದ ಮಂಡಳಿ ಖಚಿತವಾಗಿ ಹೇಳಲಾಗಲಿಲ್ಲ.

ಸತ್ತವರಲ್ಲಿ ಮೂವತ್ತೈದಕ್ಕೂ ಹೆಚ್ಚು ಮಂದಿ ಆಟಗಾರರು. ಟಾಲಿ ಅವರೂ ಅವರ ಸಹಾಯಕರೂ ಅದೇ ವಿಮಾನದಲ್ಲಿದ್ದರು. ತಂಡದೊಡನೆ ಪ್ರಯಾಣಕ್ಕೆ ಹೊರಟಿದ್ದ ಊರಿನ ಪ್ರಮುಖರು, ವೈದ್ಯರು, ಅವರ ಪತ್ನಿಯರು ಇಪ್ಪತ್ತೈದು ಮಂದಿ. ಎಪ್ಪತ್ತು ಮಕ್ಕಳು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡರು. ಅವರಲ್ಲಿ ಹದಿನೆಂಟು ಮಕ್ಕಳಿಗೆ ಇಬ್ಬರೂ ಇಲ್ಲವಾದರು. ಮಾರನೆಯ ದಿನ ಊರಿನ ಜನ ಕ್ರೀಡಾಭವನದಲ್ಲಿ ಸೇರಿ ಪ್ರಾರ್ಥಿಸಿದರು. ತರಗತಿಗಳು ನಿಂತವು. ಉಳಿದಿದ್ದ ಒಂದು ಪಂದ್ಯ ರದ್ದಾಯಿತು. ಗುರುತು ಹಿಡಿಯಲಾಗದ ಆರು ಮಂದಿ ಆಟಗಾರರನ್ನು ನಗರದ ಎತ್ತರದಲ್ಲಿರುವ ಸ್ಪ್ರಿಂಗ್ ಹಿಲ್ ಸ್ಮಶಾನದಲ್ಲಿ ಒಟ್ಟಿಗೆ ಹೂಳಲಾಯಿತು. ಅಲ್ಲಿಂದ ನೋಡಿದರೆ ವಿದ್ಯಾಲಯದ ಕಟ್ಟಡಗಳು ಕಾಣುತ್ತವೆ.

ಆಮೇಲೆ ಪ್ರಶ್ನೆ ಎದ್ದಿತು. ಮಾರ್ಷಲ್ಲಿನಲ್ಲಿ ಇನ್ನು ಫುಟ್ಬಾಲ್ ಇರಬೇಕೇ?

ಬೇಡವೆಂದವರು ಹೃದಯಹೀನರಾಗಿರಲಿಲ್ಲ, ಅವರ ಮಾತಿನಲ್ಲಿ ವಿವೇಕವಿತ್ತು. ತಂಡವೇ ಇಲ್ಲ, ತರಬೇತುದಾರರಿಲ್ಲ, ಬೆಂಬಲಕ್ಕೆ ನಿಂತಿದ್ದ ಊರ ಹಿರಿಯರಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಕಣ್ಣೆದುರಿನಲ್ಲಿ ಮತ್ತೆ ಅದೇ ಹಸಿರು ಅಂಗಿಯ ಹುಡುಗರು ಓಡಬೇಕೇ? ಗೆಲ್ಲುವ ತಂಡವನ್ನಂತೂ ಒಂದು ವರ್ಷದಲ್ಲಿ ಕಟ್ಟಲು ಸಾಧ್ಯವಿಲ್ಲ. ಸೋಲುವುದಕ್ಕಾಗಿ ಇಷ್ಟೆಲ್ಲ ಏಕೆ? ಆಗ ಹಂಗಾಮಿ ಅಧ್ಯಕ್ಷರಾಗಿದ್ದ ಡೊನಾಲ್ಡ್ ಡೆಡ್ಮನ್ ಅವರ ಮನಸ್ಸೂ ಮೊದಲು ಆ ಕಡೆಗೇ ವಾಲಿತ್ತು. ಆದರೆ ವಿದ್ಯಾರ್ಥಿಗಳೂ ಊರಿನವರೂ ಒಪ್ಪಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಒಪ್ಪದವರು ಆ ದಿನ ವಿಮಾನವೇರದೆ ಉಳಿದಿದ್ದ ಬೆರಳೆಣಿಕೆಯ ಆಟಗಾರರು. ಅವರ ಮುಂದಾಳು ನೇಟ್ ರಫಿನ್. ತೋಳಿಗೆ ಪೆಟ್ಟಾಗಿದ್ದ ಕಾರಣ ಆ ಪಂದ್ಯಕ್ಕೆ ಅವನು ಹೋಗಿರಲಿಲ್ಲ. ಜೊತೆಗಾರರೆಲ್ಲ ಹೋದ ಮೇಲೆ ತಾನೊಬ್ಬನೇ ಏಕೆ ಉಳಿದೆನೆಂಬ ಪ್ರಶ್ನೆ ಅಂತಹವರನ್ನು ಬಿಡುವುದಿಲ್ಲ. ಆಟವನ್ನು ನಿಲ್ಲಿಸಿಬಿಟ್ಟರೆ ಸತ್ತವರು ಆಡುತ್ತಿದ್ದುದೂ ಅವರೊಂದಿಗೇ ಮಣ್ಣಾಯಿತು ಎಂದು ಅವರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಡೆಡ್ಮನ್ ಅವರ ಮನಸ್ಸು ತಿರುಗಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಡಬೇಕೆಂದು ಹಟ ಹಿಡಿದವರಿಗೂ ಮುಂದೆ ಕಾದಿರುವುದು ಸೋಲೇ ಎಂಬುದು ಗೊತ್ತಿತ್ತು. ಅವರು ಕೇಳಿದ್ದು ಗೆಲ್ಲುವ ಅವಕಾಶವನ್ನಲ್ಲ.

ತರಬೇತುದಾರನ ಹುದ್ದೆಗೆ ಜನ ಸಿಗುವುದೇ ಕಷ್ಟವಾಯಿತು. ಒಪ್ಪಿಕೊಂಡು ಬಂದ ಒಬ್ಬರು ಕೆಲವೇ ದಿನಗಳಲ್ಲಿ ಹಿಂದಿರುಗಿದರು. ಅವರನ್ನು ದೂಷಿಸುವುದಕ್ಕೆ ಕಾರಣವಿಲ್ಲ. ಆ ಕೊಠಡಿಗಳಲ್ಲಿ ಖಾಲಿಯಾಗಿದ್ದ ಕುರ್ಚಿಗಳ ಎದುರು ಕುಳಿತು ಕೆಲಸ ಮಾಡುವುದು ಎಲ್ಲರಿಂದ ಆಗುವಂತಹುದಲ್ಲ. ೧೯೭೧ರ ಮಾರ್ಚ್ ತಿಂಗಳಲ್ಲಿ ಒಹಾಯೋ ರಾಜ್ಯದ ವೂಸ್ಟರ್ ಎಂಬ ಚಿಕ್ಕ ಕಾಲೇಜಿನಲ್ಲಿದ್ದ ಜ್ಯಾಕ್ ಲೆಂಗಿಲ್ ಅವರು ಆ ಹೊಣೆಯನ್ನು ಹೊತ್ತರು. ಹಳೆಯ ತಂಡದ ಸಹಾಯಕ ತರಬೇತುದಾರರಲ್ಲಿ ರೆಡ್ ಡಾಸನ್ ಎಂಬವರು ಉಳಿದಿದ್ದರು. ಹೊಸ ಆಟಗಾರರನ್ನು ಹುಡುಕುವ ಕೆಲಸದ ಮೇಲೆ ಕಾರಿನಲ್ಲಿ ಬೇರೆಡೆಗೆ ಹೊರಟಿದ್ದುದರಿಂದ ಅವರ ಪ್ರಾಣ ಉಳಿದಿತ್ತು. ಸತ್ತ ಹುಡುಗರಲ್ಲಿ ಕೆಲವರನ್ನು ಅವರವರ ಊರುಗಳಿಂದ ಮಾರ್ಷಲ್ಲಿಗೆ ಕರೆತಂದವರು ಅವರೇ. ಡಾಸನ್ ಇನ್ನೊಂದು ವರ್ಷ ಮಾತ್ರ ನಿಂತು ಹೊಸಬರಿಗೆ ನೆರವಾದರು. ಆ ಋತು ಮುಗಿದೊಡನೆ ತರಬೇತಿಯ ವೃತ್ತಿಯನ್ನೇ ತೊರೆದರು.

ಲೆಂಗಿಲ್ ಅವರೆದುರು ಇದ್ದ ಮೊದಲನೆಯ ತೊಡಕು ನಿಯಮದ್ದು. ಆಗಿನ ರಾಷ್ಟ್ರೀಯ ನಿಯಮದಂತೆ ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅವರಿಗೆ ಪ್ರತ್ಯೇಕವಾದ ಕಿರಿಯರ ತಂಡವಿತ್ತು. ೧೯೭೦ರ ಕಿರಿಯರ ತಂಡದವರು ವಿಮಾನದಲ್ಲಿ ಇರದಿದ್ದುದರಿಂದ ಬದುಕಿದ್ದರು. ಅವರು ಈಗ ಎರಡನೆಯ ವರ್ಷಕ್ಕೆ ಬಂದಿದ್ದರು. ಆದರೆ ಅವರಷ್ಟೇ ಸಾಲರು. ಪ್ರಥಮ ವರ್ಷದವರನ್ನೂ ಆಡಿಸಲು ಅನುಮತಿ ಕೊಡಬೇಕೆಂದು ಮಾರ್ಷಲ್ ಕೇಳಿಕೊಂಡಿತು. ರಾಷ್ಟ್ರೀಯ ಸಂಸ್ಥೆ ಅದಕ್ಕೆ ಒಪ್ಪಿತು. ಮರುವರ್ಷ, ಎಂದರೆ ೧೯೭೨ರಲ್ಲಿ, ಆ ನಿಯಮವೇ ದೇಶದ ಎಲ್ಲ ಕಾಲೇಜುಗಳಿಗೂ ಸಡಿಲವಾಯಿತು.

ಹೀಗೆ ಕೂಡಿದ ತಂಡದಲ್ಲಿ ಉಳಿದಿದ್ದ ಹಳಬರು ಕೆಲವರು. ನಿನ್ನೆ ಮೊನ್ನೆ ಪ್ರೌಢಶಾಲೆ ಬಿಟ್ಟ ಹುಡುಗರು ಬಹುಮಂದಿ. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು ಬಂದರು. ಚೆಂಡನ್ನು ಒದೆಯುವುದಕ್ಕೆ ಕಾಲ್ಚೆಂಡಾಟದ ಹುಡುಗನೊಬ್ಬ ಬಂದ. ಯಾವ ವಿದ್ಯಾರ್ಥಿವೇತನದ ಆಸೆಯೂ ಇಲ್ಲದೆ ಸುಮ್ಮನೆ ಬಂದು ಸೇರಿಕೊಂಡವರೂ ಇದ್ದರು. ಮಾರ್ಷಲ್ ತಂಡಕ್ಕೆ ‘ಗುಡುಗುವ ಹಿಂಡು’ ಎಂಬರ್ಥದ ಹೆಸರು ಹಿಂದಿನಿಂದಲೂ ಇತ್ತು. ಲೆಂಗಿಲ್ ಅದಕ್ಕೆ ‘ಎಳೆಯ’ ಎಂಬ ಒಂದು ಪದವನ್ನು ಮುಂದೆ ಸೇರಿಸಿದರು. ಎಳೆಯ ಗುಡುಗುವ ಹಿಂಡು! ಆ ಹೆಸರಿನಲ್ಲಿ ಸತ್ತವರ ಸ್ಥಾನವನ್ನು ಆಕ್ರಮಿಸದಿರುವ ಒಂದು ಸೂಕ್ಷ್ಮ ಸಂಕೋಚವೂ ಅಡಗಿತ್ತೆಂದು ತೋರುತ್ತದೆ.

ಎರಡನೆಯ ತೊಡಕು ಬಲದ್ದು. ಎದುರಾಳಿಗಳು ಪ್ರಾಯದಲ್ಲಿ, ತೂಕದಲ್ಲಿ, ಅನುಭವದಲ್ಲಿ ಮೇಲು. ಮೈಗೆ ಮೈ ಕೊಟ್ಟು ನುಗ್ಗುವ ಹಳೆಯ ವಿಧಾನದಲ್ಲಿ ಈ ಹುಡುಗರು ಗೆಲ್ಲುವುದಿರಲಿ, ನಿಲ್ಲುವುದೂ ಸಾಧ್ಯವಿರಲಿಲ್ಲ. ಅದನ್ನು ಕಂಡ ಲೆಂಗಿಲ್ ‘ವಿಯರ್’ ಎಂಬ ವ್ಯೂಹವನ್ನು ಆರಿಸಿಕೊಂಡರು. ಅದರಲ್ಲಿ ಚೆಂಡು ಮೊದಲು ಕೈಸೇರುವುದು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿಗೆ; ಅವನು ತಂಡದ ಸೂತ್ರಧಾರ. ಎದುರಿನವನೊಬ್ಬನ ಚಲನೆಯನ್ನು ಕ್ಷಣಮಾತ್ರದಲ್ಲಿ ಗ್ರಹಿಸಿ ಅವನು ಚೆಂಡನ್ನು ಜೊತೆಯವನಿಗೆ ಕೊಡಬೇಕೋ ತಾನೇ ಹಿಡಿದು ಓಡಬೇಕೋ ತೀರ್ಮಾನಿಸುತ್ತಾನೆ. ಎದುರಾಳಿಯನ್ನು ತಳ್ಳಿಹಾಕುವ ಬದಲು ಅವನನ್ನು ಗೊಂದಲದಲ್ಲಿ ಕೆಡವುವ ಉಪಾಯ ಇದು. ಬಲ ಕಡಿಮೆಯಿದ್ದು ಚುರುಕು ಇರುವವರಿಗೆ ಹೊಂದುವಂತಹದು.

ಆದರೆ ಅದನ್ನು ಕಲಿಸುವವರಾರು? ಅದೇ ರಾಜ್ಯದಲ್ಲಿ ಮಾರ್ಷಲ್ಲಿಗಿಂತ ದೊಡ್ಡದಾದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯವಿತ್ತು. ಅದರ ತರಬೇತುದಾರ ಬಾಬಿ ಬೌಡನ್ ಆ ವ್ಯೂಹವನ್ನು ಚೆನ್ನಾಗಿ ಬಲ್ಲವರು. ಕ್ರೀಡಾಜಗತ್ತಿನಲ್ಲಿ ತಂಡದ ತಂತ್ರಗಳನ್ನು ರಾಜ್ಯರಹಸ್ಯದಂತೆ ಕಾಪಾಡುತ್ತಾರೆ. ಬೌಡನ್ ತಮ್ಮ ಬಾಗಿಲನ್ನು ತೆರೆದಿಟ್ಟರು. ಆಟದ ಚಲನಚಿತ್ರಗಳನ್ನೂ ತಂತ್ರಗಳ ಟಿಪ್ಪಣಿಗಳನ್ನೂ ಮಾರ್ಷಲ್ಲಿನವರ ಮುಂದಿಟ್ಟು ವಿವರಿಸಿದರು. ಅವರ ಆಟಗಾರರು ಸತ್ತವರ ನೆನಪಿಗಾಗಿ ತಮ್ಮ ಶಿರಸ್ತ್ರಾಣಗಳ ಮೇಲೆ ಹಸಿರು ಶಿಲುಬೆಯ ಗುರುತನ್ನು ಧರಿಸಿದ್ದರು. ಬೌಡನ್ ಮುಂದೆ ಅಮೆರಿಕದ ಅತ್ಯಂತ ಯಶಸ್ವೀ ತರಬೇತುದಾರರಲ್ಲಿ ಒಬ್ಬರೆನಿಸಿದರು. ಅವರ ಗೆಲುವುಗಳ ಲೆಕ್ಕವನ್ನು ಬರೆಯುವವರು ಇದನ್ನೂ ಮರೆಯದೆ ಬರೆಯುತ್ತಾರೆ.

೧೯೭೧ನೆಯ ಸೆಪ್ಟೆಂಬರ್ ೧೮ರಂದು ನೆರೆಯ ಕೆಂಟಕಿ ರಾಜ್ಯದ ಮೋರ್‌ಹೆಡ್ ಎಂಬಲ್ಲಿ ಎಳೆಯರ ತಂಡ ಮೊದಲನೆಯ ಪಂದ್ಯವನ್ನಾಡಿತು. ೬–೨೯ ಅಂಕಗಳ ಸೋಲು. ಬಯಲಿಗೆ ಇಳಿದು ಮುಗಿಯುವವರೆಗೂ ನಿಂತರೆಂಬುದಷ್ಟೇ ಆ ದಿನದ ಫಲ.

ಮುಂದಿನ ಶನಿವಾರ, ಸೆಪ್ಟೆಂಬರ್ ೨೫ರಂದು, ಅಪಘಾತದ ಅನಂತರ ಸ್ವಂತ ಊರಿನ ಮೊದಲ ಪಂದ್ಯ. ಫೇರ್‌ಫೀಲ್ಡ್ ಕ್ರೀಡಾಂಗಣದಲ್ಲಿ ಜನ ನೆರೆದರು. ಎದುರಾಳಿ ಸಿನ್ಸಿನಾಟಿ ನಗರದ ಕ್ಸೇವಿಯರ್ ವಿಶ್ವವಿದ್ಯಾನಿಲಯ. ಕಾಲ್ಚೆಂಡಾಟದಿಂದ ಬಂದಿದ್ದ ಹುಡುಗ ಒದ್ದ ಚೆಂಡಿನಿಂದ ಮಾರ್ಷಲ್ಲಿಗೆ ಮೊದಲ ಮೂರು ಅಂಕಗಳು ಬಂದವು. ಕ್ಸೇವಿಯರ್ ಆರು ಗಳಿಸಿತು. ಮಾರ್ಷಲ್ಲಿನ ಕ್ವಾರ್ಟರ್‌ಬ್ಯಾಕ್ ರೆಜಿ ಆಲಿವರ್ ತಾನೇ ಚೆಂಡು ಹಿಡಿದು ಗಡಿ ದಾಟಿದ, ೯–೬. ಕ್ಸೇವಿಯರ್ ಮತ್ತೆ ಏಳು ಸೇರಿಸಿ ೧೩–೯ರ ಮುನ್ನಡೆ ಪಡೆಯಿತು. ವೇಳೆ ತೀರುತ್ತ ಬಂತು. ಮೂರು ಅಂಕದ ಒದೆತ ಈಗ ಸಾಲದು, ಗಡಿಯನ್ನೇ ದಾಟಬೇಕು. ಕೊನೆಯ ನಿಮಿಷದಲ್ಲಿ ಮಾರ್ಷಲ್ ಹಂತಹಂತವಾಗಿ ಮುಂದೆ ಸಾಗಿ ಗಡಿಗೆ ಹದಿಮೂರು ಗಜಗಳ ದೂರದಲ್ಲಿ ಬಂದು ನಿಂತಿತು. ಉಳಿದದ್ದು ಒಂದೇ ಆಟದಷ್ಟು ಹೊತ್ತು.

ಆಲಿವರ್ ಚೆಂಡನ್ನು ಹಿಡಿದು ಒಂದು ಬದಿಗೆ ಓಡುವವನಂತೆ ಹೊರಟ. ಎದುರಾಳಿಗಳು ಅತ್ತಲೇ ಧಾವಿಸಿದರು. ಅವನು ತಟ್ಟನೆ ನಿಂತು, ಇನ್ನೊಂದು ಬದಿಯಲ್ಲಿ ಯಾರ ಲಕ್ಷ್ಯಕ್ಕೂ ಬೀಳದೆ ಸರಿದು ನಿಂತಿದ್ದ ಟೆರಿ ಗಾರ್ಡ್ನರ್ ಎಂಬ ಪ್ರಥಮ ವರ್ಷದ ಹುಡುಗನ ಕಡೆಗೆ ಚೆಂಡನ್ನು ಎಸೆದ. ಗಾರ್ಡ್ನರ್ ಹಿಡಿದ. ಮುಂದೆ ಅಡ್ಡ ಬರಬಹುದಾಗಿದ್ದವನನ್ನು ಜೊತೆಯವನೊಬ್ಬ ತಡೆದು ಕೆಡವಿದ. ಗಾರ್ಡ್ನರ್ ಗಡಿ ದಾಟುವ ವೇಳೆಗೆ ಗಡಿಯಾರ ನಿಂತಿತ್ತು. ೧೫–೧೩! ಜನ ಬೇಲಿ ದಾಟಿ ಬಯಲಿಗೆ ನುಗ್ಗಿದರು. ಬಹಳ ಹೊತ್ತಿನವರೆಗೆ ಯಾರೂ ಮನೆಗೆ ಹೋಗಲಿಲ್ಲ. ಹತ್ತು ತಿಂಗಳ ಹಿಂದೆ ಒಟ್ಟಿಗೆ ಅತ್ತಿದ್ದವರು ಅಂದು ಒಟ್ಟಿಗೆ ನಕ್ಕರು. ಅಂದಿನ ಕಣ್ಣೀರು ಯಾವುದಕ್ಕೆಂದು ಬಿಡಿಸಿ ಹೇಳುವುದು ಅವರಿಗೂ ಸಾಧ್ಯವಿರಲಿಲ್ಲ.

ಈ ತಂಡದ ಕಥೆಯನ್ನು ಆಧರಿಸಿ ೨೦೦೬ರಲ್ಲಿ ‘ವಿ ಆರ್ ಮಾರ್ಷಲ್’ ಎಂಬ ಚಲನಚಿತ್ರ ಬಂದಿತು. ಅದರ ಶಿಖರ ಇದೇ ಗೆಲುವು. ಚಲನಚಿತ್ರದವರಿಗೆ ಅಲ್ಲಿ ನಿಲ್ಲಿಸುವ ಸೌಕರ್ಯವಿದೆ. ಆಡಿದ ಹುಡುಗರಿಗೆ ಆ ಸೌಕರ್ಯವಿರಲಿಲ್ಲ. ಅವರಿಗೆ ಮುಂದಿನ ಶನಿವಾರವಿತ್ತು. ಆ ಶನಿವಾರ ಒಹಾಯೋ ರಾಜ್ಯದ ಮಯಾಮಿ ವಿಶ್ವವಿದ್ಯಾನಿಲಯದವರು ಅವರನ್ನು ೬೬–೬ ಅಂಕಗಳಿಂದ ಸೋಲಿಸಿದರು.

ಅರವತ್ತಾರು ಅಂಕಗಳೆಂದರೆ ಎಷ್ಟೆಂಬುದನ್ನು ಕ್ಷಣಕಾಲ ಯೋಚಿಸಬೇಕು. ಎದುರಾಳಿಗಳು ಮತ್ತೆ ಮತ್ತೆ ಗಡಿ ದಾಟುತ್ತಾರೆ. ಪ್ರತಿ ಸಲವೂ ಸೋತ ಪಕ್ಷ ಸಾಲಾಗಿ ನಿಂತು ಆಟವನ್ನು ಹೊಸದಾಗಿ ಆರಂಭಿಸಬೇಕು. ಕೆಡವಿಸಿಕೊಂಡವನು ಎದ್ದು, ಮಣ್ಣು ಕೊಡವಿಕೊಂಡು, ತನಗಿಂತ ತೂಕವುಳ್ಳ ಅದೇ ಎದುರಾಳಿಯ ಮುಂದೆ ಮತ್ತೆ ಬಾಗಿ ನಿಲ್ಲಬೇಕು. ಸಂಜೆಯ ಹೊತ್ತಿಗೆ ಮೈಯೆಲ್ಲ ನೋವು, ಸೋಮವಾರ ತರಗತಿ, ಮಧ್ಯಾಹ್ನ ಮತ್ತೆ ಅಭ್ಯಾಸ. ಒಂದು ಸಲದ ಧೈರ್ಯಕ್ಕೆ ಉತ್ಸಾಹ ಸಾಕು. ವಾರವಾರವೂ ಬೇಕಾದ ಧೈರ್ಯ ಬೇರೆಯ ಜಾತಿಯದು. ಅದಕ್ಕೆ ಚಪ್ಪಾಳೆಯ ನೆರವು ಸಿಗುವುದಿಲ್ಲ.

ಅಕ್ಟೋಬರ್ ತಿಂಗಳು ಪೂರ್ತಿ ಹೀಗೆ ಸೋಲಿನಲ್ಲಿ ಸಾಗಿತು. ಕೆಲವು ಪಂದ್ಯಗಳಲ್ಲಿ ಮಾರ್ಷಲ್ಲಿಗೆ ಒಂದು ಅಂಕವೂ ದೊರೆಯಲಿಲ್ಲ. ತಿಂಗಳ ಕೊನೆಯಲ್ಲಿ, ಹಳೆಯ ವಿದ್ಯಾರ್ಥಿಗಳು ವಿದ್ಯಾಲಯಕ್ಕೆ ಬಂದು ಸೇರುವ ಉತ್ಸವದ ದಿನ, ಬೌಲಿಂಗ್ ಗ್ರೀನ್ ತಂಡದ ಎದುರು ೧೨–೧೦ರ ಗೆಲುವು ದೊರೆಯಿತು. ಮೊದಲ ಗೆಲುವಿಗೆ ಬಂದ ಕೀರ್ತಿ ಇದಕ್ಕೆ ಬರಲಿಲ್ಲ. ಆದರೆ ಆಟ ಬಲ್ಲವರ ದೃಷ್ಟಿಯಲ್ಲಿ ಇದೇ ಹೆಚ್ಚಿನದೆಂದರೂ ತಪ್ಪಾಗಲಾರದು. ಮೊದಲನೆಯದು ಊರಿನ ಆವೇಗದ ಬೆನ್ನ ಮೇಲೆ ಬಂದ ಗೆಲುವು. ಇದು ಸೋಲುಗಳ ಸಾಲಿನ ನಡುವಿನಿಂದ, ದಣಿದ ಮೈಗಳಿಂದ ಬಂದದ್ದು.

ನವೆಂಬರ್ ತಿಂಗಳಲ್ಲಿ ಬಂದ ಎದುರಾಳಿಗಳಲ್ಲಿ ಟೋಲೆಡೋ ತಂಡವೂ ಒಂದು. ಆ ಮೂರು ವರ್ಷಗಳಲ್ಲಿ ಟೋಲೆಡೋ ಒಂದು ಪಂದ್ಯವನ್ನೂ ಸೋಲದೆ ಸತತವಾಗಿ ಮೂವತ್ತೈದು ಗೆಲುವುಗಳನ್ನು ಗಳಿಸಿ ದೇಶದಲ್ಲೆಲ್ಲ ಹೆಸರಾಗಿತ್ತು. ಆ ಮೂವತ್ತೈದರಲ್ಲಿ ಮಾರ್ಷಲ್ಲಿನ ಎಳೆಯರ ಸೋಲೂ ಒಂದು. ಒಂದೇ ಬಯಲಿನ ಒಂದು ತುದಿಯಲ್ಲಿ ಸೋಲೆಂದರೇನೆಂದು ಮರೆತವರು, ಇನ್ನೊಂದು ತುದಿಯಲ್ಲಿ ಅದನ್ನು ವಾರವಾರವೂ ಕಂಡವರು. ಅಂತೂ ಒಂದು ಪಂದ್ಯವನ್ನೂ ಬಿಡದೆ ಹತ್ತನ್ನೂ ಆಡಿ ಮುಗಿಸಿದರು. ಎರಡು ಗೆಲುವು, ಎಂಟು ಸೋಲು.

ಇಂತಹ ತ್ಯಾಗಕ್ಕೆ ಮರುವರ್ಷವೇ ಫಲ ಬಂದಿತೆಂದು ಹೇಳಲು ಆಸೆಯಾಗುತ್ತದೆ. ಹಾಗಾಗಲಿಲ್ಲ. ೧೯೭೨ರಲ್ಲಿಯೂ ಎರಡೇ ಗೆಲುವು, ಎಂಟು ಸೋಲು. ೧೯೭೩ರಲ್ಲಿ ನಾಲ್ಕು ಗೆಲುವು, ಏಳು ಸೋಲು. ೧೯೭೪ರಲ್ಲಿ ಹನ್ನೊಂದು ಪಂದ್ಯಗಳಲ್ಲಿ ಒಂದೇ ಗೆಲುವು. ನಾಲ್ಕು ವರ್ಷಗಳಲ್ಲಿ ಒಂಬತ್ತು ಗೆಲುವು, ಮೂವತ್ತಮೂರು ಸೋಲುಗಳ ಲೆಕ್ಕದೊಂದಿಗೆ ಲೆಂಗಿಲ್ ಮಾರ್ಷಲ್ಲನ್ನು ಬಿಟ್ಟರು. ಮುಂದೆ ಅವರು ಅಮೆರಿಕದ ನೌಕಾ ವಿದ್ಯಾಲಯದಲ್ಲಿ ಕ್ರೀಡೆಗಳ ನಿರ್ದೇಶಕರಾಗಿ ಗೌರವದಿಂದ ಬಾಳಿದರು. ೧೯೭೧ರಲ್ಲಿ ಹದಿನೆಂಟರ ಪ್ರಾಯದಲ್ಲಿ ಬಂದು ನಾಲ್ಕು ವರ್ಷವೂ ಆಡಿದ ಹುಡುಗರು, ಗೆಲುವು ಸೋಲಿಗಿಂತ ಹೆಚ್ಚಾದ ಒಂದೇ ಒಂದು ವರ್ಷವನ್ನೂ ಕಾಣದೆ ಕಾಲೇಜನ್ನು ಮುಗಿಸಿದರು. ಮಾರ್ಷಲ್ಲಿಗೆ ಅಂತಹ ವರ್ಷ ಬಂದದ್ದು ೧೯೮೪ರಲ್ಲಿ; ಆರು ಗೆಲುವು, ಐದು ಸೋಲು. ಆ ತಂಡದಲ್ಲಿ ಆಡಿದವರು ಅಪಘಾತವಾದಾಗ ಇನ್ನೂ ಪುಟ್ಟ ಮಕ್ಕಳು. ೧೯೯೨ರಲ್ಲಿಯೂ ೧೯೯೬ರಲ್ಲಿಯೂ ತನ್ನ ವರ್ಗದ ರಾಷ್ಟ್ರೀಯ ಪ್ರಶಸ್ತಿ ಮಾರ್ಷಲ್ಲಿಗೆ ದೊರೆಯಿತು. ೧೯೯೯ರಲ್ಲಿ ಆಡಿದ ಹದಿಮೂರು ಪಂದ್ಯಗಳಲ್ಲಿ ಹದಿಮೂರನ್ನೂ ಗೆದ್ದಿತು. ೧೯೭೧ರಲ್ಲಿ ಕೊನೆಯ ಕ್ಷಣದಲ್ಲಿ ಸೋತುಹೋದ ಕ್ಸೇವಿಯರ್ ವಿಶ್ವವಿದ್ಯಾನಿಲಯವಾದರೋ ೧೯೭೩ರ ಅನಂತರ ಫುಟ್ಬಾಲ್ ತಂಡವನ್ನೇ ನಿಲ್ಲಿಸಿಬಿಟ್ಟಿತು.

ಆ ಸೋಲಿನ ವರ್ಷದ ಸಾರ್ಥಕತೆಯನ್ನು ಇಪ್ಪತ್ತು ವರ್ಷಗಳ ಅನಂತರ ಬಂದ ಪ್ರಶಸ್ತಿಗಳಿಂದ ಅಳೆಯುವವರಿದ್ದಾರೆ. ಆ ಅಳತೆ ಸರಿಯಾದುದಲ್ಲ. ಪ್ರಶಸ್ತಿಗಳು ಬರದೇ ಹೋಗಿದ್ದರೂ ೧೯೭೧ರ ಶನಿವಾರಗಳಂದು ಫೇರ್‌ಫೀಲ್ಡ್ ಕ್ರೀಡಾಂಗಣಕ್ಕೆ ಬಂದು ಕುಳಿತ ವಿಧವೆಯರಿಗೂ ತಂದೆತಾಯಿಯರಿಗೂ ಅಲ್ಲಿ ನೋಡಲು ಏನೋ ಇತ್ತು. ಅವರು ಅಂಕಗಳ ಫಲಕವನ್ನು ನೋಡಲು ಬಂದವರಲ್ಲ.

ನೇಟ್ ರಫಿನ್ ೧೯೭೧ರ ತಂಡದಲ್ಲಿ ಆಡಿದ, ತಂಡದ ನಾಯಕರಲ್ಲೊಬ್ಬನಾಗಿದ್ದ. ಮುಂದೆ ಅದೇ ವಿಶ್ವವಿದ್ಯಾನಿಲಯದ ಸೇವೆಯಲ್ಲಿಯೂ ಇದ್ದ. ೨೦೦೧ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನನ್ನು ಸ್ಪ್ರಿಂಗ್ ಹಿಲ್ ಸ್ಮಶಾನದಲ್ಲಿ, ಗುರುತು ಸಿಗದ ಆರು ಮಂದಿ ಗೆಳೆಯರ ಸಮಾಧಿಯ ಸಮೀಪದಲ್ಲಿ, ಹೂಳಲಾಯಿತು.

ವಿದ್ಯಾಲಯದ ಅಂಗಳದಲ್ಲಿ ಹ್ಯಾರಿ ಬೆರ್ಟೋಯಾ ಎಂಬ ಶಿಲ್ಪಿ ರಚಿಸಿದ ಲೋಹದ ಕಾರಂಜಿಯೊಂದಿದೆ. ಸುಮಾರು ಹದಿಮೂರು ಅಡಿ ಎತ್ತರ. ನೆಲದಿಂದ ಮೇಲಕ್ಕೆ ಚಿಗಿತು ಅರಳಿದ ಗಿಡದಂತೆ ಅದರ ಆಕಾರ. ೧೯೭೨ರ ನವೆಂಬರ್ ತಿಂಗಳಲ್ಲಿ, ಎರಡನೆಯ ಸೋಲಿನ ಋತು ನಡೆಯುತ್ತಿದ್ದಾಗಲೇ, ಅದನ್ನು ಅಪಘಾತದಲ್ಲಿ ಮಡಿದವರ ನೆನಪಿಗೆ ಅರ್ಪಿಸಿದರು. ಪ್ರತಿ ವರ್ಷ ನವೆಂಬರ್ ೧೪ರಂದು ಜನ ಅದರ ಸುತ್ತ ಸೇರುತ್ತಾರೆ. ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಆಮೇಲೆ ಕಾರಂಜಿಯ ನೀರನ್ನು ನಿಲ್ಲಿಸುತ್ತಾರೆ. ಚಳಿಗಾಲವೆಲ್ಲ ಅದು ಮೌನವಾಗಿರುತ್ತದೆ. ವಸಂತ ಬಂದಾಗ ಮತ್ತೆ ನೀರು ಬಿಡುತ್ತಾರೆ.